ಉಪ್ಪಿನ ಜೊತೆ ಸಕ್ಕರೆ ಯಾಕೆ?

ಬದಿಯಡ್ಕದ ಓದುಗರೊಬ್ಬರ ಪತ್ರ: “ಮಗನಿಗೆ ಭೇದಿ ಹಿಡಿದಾಗ ಅತ್ತೆ ಕುಚ್ಚಲಕ್ಕಿ ಗಂಜಿಯ ತೆಳಿಗೆ ಉಪ್ಪು ಹಾಕಿ ಕುಡಿಸಿದರು. ಡಾಕ್ಟರು ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ಓಆರ್‌ಎಸ್ ಕೊಟ್ಟರು. ಅದರಲ್ಲಿ ಸಕ್ಕರೆ ಯಾಕೆ, ಶಕ್ತಿಗಾ? ಕರುಳಿನಲ್ಲಿ ಕರೆಂಟ್ ಇದೆ ಅಂತಾರಲ್ಲ, ನಿಜವಾ?”

ನಿಜ. ಆದರೆ ತಂತಿಯ ಕರೆಂಟ್ ಅಲ್ಲ. ಉಪ್ಪು ನೀರಿನಲ್ಲಿ ಕರಗಿದರೆ ಸೋಡಿಯಂ, ಕ್ಲೋರೈಡ್ ಎಂದು ಬಿಡಿಬಿಡಿಯಾಗುತ್ತದೆ. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್. ಇವೇ ಅಯಾನುಗಳು. ಇವು ಕರುಳಿನ ಗೋಡೆ ದಾಟುವುದೇ ಇಲ್ಲಿನ ಕರೆಂಟ್. ಗೋಡೆಯ ಆಚೆಈಚೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಸದಾ ಇರುತ್ತದೆ.

ಈಗ ಸಕ್ಕರೆ. ಅದು ಶಕ್ತಿಗೆ ಅಲ್ಲ. ಕರುಳಿನ ಜೀವಕೋಶ ತನ್ನೊಳಗಿನ ಸೋಡಿಯಂ ಅನ್ನು ರಕ್ತದ ಕಡೆಗೆ ಪಂಪ್ ಮಾಡುತ್ತಲೇ ಇರುತ್ತದೆ. ಹಾಗಾಗಿ ಒಳಗೆ ಅದು ಯಾವಾಗಲೂ ಕಮ್ಮಿ. ಹೊರಗಿನ ಸೋಡಿಯಂ ನುಗ್ಗಲು ಕಾಯುತ್ತಿರುತ್ತದೆ. ಅದಕ್ಕಿರುವ ಬಾಗಿಲುಗಳಲ್ಲಿ ಒಂದು, ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನ್, ಗ್ಲೂಕೋಸ್ (ಓಆರ್‌ಎಸ್‌ನಲ್ಲಿರುವ ಸಕ್ಕರೆ ಇದೇ) ಜೊತೆಗಿದ್ದರೆ ಮಾತ್ರ ಒಳಗೆ ಬಿಡುತ್ತದೆ: ಒಂದು ಗ್ಲೂಕೋಸಿಗೆ ಎರಡು ಸೋಡಿಯಂ. ಅವುಗಳ ಹಿಂದೆ ನೀರು. ಕರುಳಿಗೆ ಗ್ಲೂಕೋಸ್ ಸೇರಿಸಿದ ಕೂಡಲೇ ಆ ವೋಲ್ಟೇಜ್ ಏರುವುದನ್ನು ಅಳೆದೇ ನೋಡಿದ್ದಾರೆ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೊತೆಯಾಗಿ ದಾಟುತ್ತವೆ ಎಂದು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಹೇಳಿದ್ದರು.

ಕಾಲರಾದಲ್ಲಿ ಆಗುವುದೇ ಬೇರೆ. ಅದರ ವಿಷ ಕ್ಲೋರೈಡಿನ ಬಾಗಿಲನ್ನು ತೆರೆದೇ ಇಡುತ್ತದೆ. ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಸೋಡಿಯಂ ಮತ್ತು ನೀರು ಅದರ ಬೆನ್ನು ಹಿಡಿಯುತ್ತವೆ. ಆದರೆ ಗ್ಲೂಕೋಸಿನ ಬಾಗಿಲು ಕೆಡುವುದಿಲ್ಲ! ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 1971ರಲ್ಲಿ, ಬಾಂಗ್ಲಾ ಯುದ್ಧದ ಹೊತ್ತಿಗೆ, ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ನಂಬಿದ್ದು ಇದನ್ನೇ. ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಕಲಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ಸುಮಾರು ಶೇ 30ರಿಂದ 3.6ಕ್ಕೆ ಇಳಿಯಿತು.

ನಿಮ್ಮ ಅತ್ತೆ ಮಾಡಿದ್ದು ಸರಿ. ತೆಳಿಯಲ್ಲಿರುವ ಪಿಷ್ಟ ಕರುಳಿನಲ್ಲಿ ನಿಧಾನಕ್ಕೆ ಗ್ಲೂಕೋಸ್ ಆಗುತ್ತದೆ, ಉಪ್ಪಿಗೆ ಬೇಕಾದ ಜೊತೆ ಸಿಗುತ್ತದೆ. ಬೊಂಡದ ನೀರಿನಲ್ಲಿ (ಎಳನೀರಿನಲ್ಲಿ) ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ತೀರಾ ಕಮ್ಮಿ, ಅದೊಂದೇ ಸಾಲದು. ಕೂಲ್‌ಡ್ರಿಂಕ್ಸ್ ಬೇಡವೇ ಬೇಡ. ಸಕ್ಕರೆ ಹೆಚ್ಚಾದರೆ ಅದು ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಜೋರಾಗುತ್ತದೆ. ಈಗಿನ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಅಳತೆ ಇಷ್ಟು ಬಿಗಿ ಇರುವುದು ಇದಕ್ಕೇ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ಹಾಕಿ, ಸುಮ್ನೆ ಅಂದಾಜಿಗೆ ಕಲಸಬೇಡಿ.

ಮಗು ಮೂತ್ರ ಮಾಡದೆ, ಕಣ್ಣು ಗುಳಿಬಿದ್ದು ಮಂಕಾದರೆ ಮನೆಮದ್ದಿಗೆ ಕಾಯಬೇಡಿ. ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಾ ಇರಿ.

– ಸಂಪಾದಕ