ನಿಮ್ಮ ಲೇಖನ ಆರನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ ಮೇಡಂ,

ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲ ಐದು ಪುಟ ಪೂರ್ತಿ ವೈರಸ್ಸಿನ ಕಥೆ. 1983ರಲ್ಲಿ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್ ತಂಡ ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ 16ನೇ ಬಗೆಯನ್ನು ಕಂಡುಹಿಡಿದದ್ದು, ಮರುವರ್ಷ 18ನೇ ಬಗೆ ಸಿಕ್ಕಿದ್ದು, 2008ರ ನೊಬೆಲ್, ಆಮೇಲೆ ಕೋಟೆಗೆ ನುಗ್ಗುವ ಶತ್ರುವಿನ ಹೋಲಿಕೆ. ಇಸವಿಗಳೆಲ್ಲ ಸರಿಯಾಗಿವೆ. ಆದರೆ ಪುಸ್ತಕ ನೋಡಿ ಯಾರು ಬೇಕಾದರೂ ಇದನ್ನು ಬರೆದಾರು. ಆರನೇ ಪುಟಕ್ಕೆ ಬಂದಾಗ ಈ ಸಾಲು ಸಿಕ್ಕಿತು: "ಹತ್ತಿ ಉಂಡೆಯಲ್ಲಿ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದೆ. ಗರ್ಭಕೋಶದ ಬಾಯಿಯ ಅಂಚಿನಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗ ಬೆಳ್ಳಗಾಯಿತು." ಹಾಗೆ ಬೆಳ್ಳಗಾದರೆ ಅಲ್ಲಿನ ಜೀವಕೋಶಗಳ ಮೇಲೆ ಅನುಮಾನ. ಟಾರ್ಚ್ ಹಿಡಿದು ಆ ಒಂದು ನಿಮಿಷ ಕಾದ ನರ್ಸ್ ಮಾತ್ರ ಬರೆಯಬಲ್ಲ ಸಾಲು ಇದು. ಲೇಖನ ಇಲ್ಲಿಂದಲೇ ಶುರುವಾಗಲಿ.

ಬೆಳ್ಳಗಾದದ್ದು ಆ ಅಂಚಿನಲ್ಲೇ ಯಾಕೆ? ಓದುಗರು ಕೇಳುವ ಮೊದಲ ಪ್ರಶ್ನೆ ಅದು. ಅದಕ್ಕೆ ನಿಮ್ಮಲ್ಲಿ ಉತ್ತರವೂ ಇದೆ, ಎಂಟನೇ ಪುಟದಲ್ಲಿ ಅಡಗಿ ಕೂತಿದೆ. ಇದೇ ವೈರಸ್ ಯೋನಿಯ ಒಳಮೈಗೂ ತಗಲುತ್ತದೆ, ಅಲ್ವಾ? ಅಲ್ಲಿ ಕ್ಯಾನ್ಸರ್ ತೀರಾ ಅಪರೂಪ. ಅಂದಮೇಲೆ ವೈರಸ್ ಒಂದರಿಂದಲೇ ಕಥೆ ಮುಗಿಯಲಿಲ್ಲ, ಜಾಗದ ಪಾತ್ರವೂ ಇದೆ. ಗರ್ಭಕೊರಳಿನ ಹೊರಮೈ ಮೇಲೆ ಚಪ್ಪಟೆ ಜೀವಕೋಶಗಳು ಪದರ ಪದರವಾಗಿ ಕೂತಿರುತ್ತವೆ. ಒಳದಾರಿಯಲ್ಲಿ ಕಂಬದ ಹಾಗೆ ನಿಂತ, ಲೋಳೆ ಸುರಿಸುವ ಜೀವಕೋಶಗಳದ್ದು ಒಂದೇ ಸಾಲು. ಇವೆರಡೂ ಸೇರುವ ಗೆರೆಯ ಹತ್ತಿರವೇ ಈ ಕ್ಯಾನ್ಸರ್ ಹುಟ್ಟುತ್ತದೆ ಅನ್ನುವುದು ವೈದ್ಯರಿಗೆ ಮೊದಲಿಂದ ಗೊತ್ತಿತ್ತು. 2012ರಲ್ಲಿ ಬಾಸ್ಟನ್ನಿನ ಕ್ರಿಸ್ಟೋಫರ್ ಕ್ರಮ್ ಮತ್ತು ಜೊತೆಗಾರರು ಆ ಗೆರೆಯಲ್ಲೇ ಬೇರೆ ತರಹದ ಜೀವಕೋಶಗಳ ಒಂದು ಚಿಕ್ಕ ಗುಂಪನ್ನು ತೋರಿಸಿದರು. ಅವುಗಳ ಆಕಾರವೂ ಬೇರೆ, ಗುರುತಿನ ಪ್ರೋಟೀನುಗಳೂ ಬೇರೆ. ಅಪಾಯಕಾರಿ ಎಚ್‌ಪಿವಿಯಿಂದ ಹುಟ್ಟಿದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಅದೇ ಗುರುತು ಹೊತ್ತಿದ್ದವು. ಆ ಭಾಗವನ್ನು ಕತ್ತರಿಸಿ ತೆಗೆದಮೇಲೆ ಹೊಸ ಗೆರೆ ಮೂಡುತ್ತದೆ, ಆದರೆ ಆ ಗುರುತಿನ ಜೀವಕೋಶಗಳು ಮತ್ತೆ ಹುಟ್ಟಲಿಲ್ಲ. ನನಗೆ ಓದಿ ಮೈ ಜುಮ್ಮೆಂದಿತು. ನೀವು ಇದನ್ನು ಮೂರೇ ಸಾಲಿನಲ್ಲಿ ಮುಗಿಸಿದ್ದೀರಿ! ಎರಡು ಪುಟ ಕೊಡಿ.

ಹೋಲಿಕೆ ಬೇಕಿದ್ದರೆ ಕೋಟೆ ಬಿಡಿ. ನೀವು ಇಳಕಲ್ ಕಡೆಯವರು. ಸೀರೆಯ ಮೈಯ ಹಾಸು, ಅಂದರೆ ಮಗ್ಗದ ಉದ್ದೆಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಆ ಕೊಂಡಿಯ ಸಾಲನ್ನು ನೀವು ಬೆರಳಲ್ಲಿ ಮುಟ್ಟಿ ನೋಡಿರುತ್ತೀರಿ. ಅದನ್ನೇ ಬರೆಯಿರಿ.

ಪ್ರೋಟೀನುಗಳ ಪಟ್ಟಿ ತೆಗೆಯಿರಿ. ಜೀವಕೋಶಕ್ಕೆ ಕಡಿವಾಣ ಹಾಕುವ ಪಿ53, ಆರ್‌ಬಿ ಎಂಬ ಎರಡು ಪ್ರೋಟೀನುಗಳು ನಮ್ಮಲ್ಲಿವೆ; ವೈರಸ್ಸಿನ ಇ6 ಎಂಬ ಪ್ರೋಟೀನು ಪಿ53 ಅನ್ನು ನಾಶ ಮಾಡುತ್ತದೆ, ಇ7 ಆರ್‌ಬಿಯ ಕೆಲಸ ಕೆಡಿಸುತ್ತದೆ, ಹಾಗಾಗಿ ಜೀವಕೋಶ ಒಡೆದು ಹೆಚ್ಚುವುದಕ್ಕೆ ತಡೆಯೇ ಇಲ್ಲದಾಗುತ್ತದೆ. ಇಷ್ಟು ಸಾಕು.

ಮೂರು ತಪ್ಪುಗಳನ್ನು ಮಾತ್ರ ನಾನು ಬಿಡುವುದಿಲ್ಲ. ಕೆಲವು ಕಡೆ "ಗರ್ಭಕೋಶದ ಕ್ಯಾನ್ಸರ್" ಅಂತ ಬರೆದಿದ್ದೀರಿ. ಅದು ಬೇರೆಯೇ ಕಾಯಿಲೆ. ಗರ್ಭಕೊರಳು ಅನ್ನಿ, ಇಲ್ಲವೇ ಜನ ಹೇಳುವ ಹಾಗೆ ಗರ್ಭಕೋಶದ ಬಾಯಿ ಅನ್ನಿ. ಎರಡನೆಯದು, ಗೆರೆಯ ಮೇಲಿನ ಆ ಜೀವಕೋಶಗಳನ್ನು ಮೊದಲೇ ಸುಟ್ಟುಬಿಟ್ಟರೆ ಕ್ಯಾನ್ಸರೇ ಬರುವುದಿಲ್ಲ ಎಂಬ ಮಾತು. ಅದಿನ್ನೂ ಬರೀ ವಿಚಾರ. ಓದಿದ ಯಾರಾದರೂ ಆಸ್ಪತ್ರೆಗೆ ಹೋಗಿ ಅದನ್ನೇ ಕೇಳಿದರೆ? ಇವತ್ತು ಕೈಯಲ್ಲಿರುವುದು ಲಸಿಕೆ ಮತ್ತು ತಪಾಸಣೆ.

ಮೂರನೆಯದು ನನಗೆ ತುಂಬಾ ನೋವು ಕೊಟ್ಟಿತು. "ಅನೇಕರ ಸಂಗ ಮಾಡಿದವರಿಗೆ ಬರುವ ರೋಗ" ಅಂದಿದ್ದೀರಿ. ಗಂಡನನ್ನು ಬಿಟ್ಟು ಬೇರೆ ಯಾರನ್ನೂ ಕಾಣದ ಹೆಂಗಸಿಗೂ ಈ ವೈರಸ್ ತಗಲುತ್ತದೆ. ತಗಲಿದವರಲ್ಲಿ ಹೆಚ್ಚಿನವರ ಮೈ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರಹಾಕುತ್ತದೆ. ಉಳಿದುಕೊಂಡ ಕೆಲವರಲ್ಲಿ ಮಾತ್ರ, ಅದೂ ಸಾಮಾನ್ಯವಾಗಿ ಹತ್ತಾರು ವರ್ಷ ಕಳೆದ ಮೇಲೆ, ಕ್ಯಾನ್ಸರ್. ನಮ್ಮ ದೇಶದಲ್ಲಿ ವರ್ಷಕ್ಕೆ 1 ಲಕ್ಷಕ್ಕೂ ಜಾಸ್ತಿ ಹೆಂಗಸರಿಗೆ ಇದು ಬರುತ್ತಿದೆ. ನಿಮ್ಮ ಆ ಒಂದು ಸಾಲು ಓದಿದ ಹೆಂಗಸು ತಪಾಸಣೆಗೆ ಬರಲು ನಾಚುತ್ತಾಳೆ. ದಯವಿಟ್ಟು ಹೊಡೆದುಹಾಕಿ.

ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ. ಅವಸರ ಏನೂ ಇಲ್ಲ. ಇನ್ನೊಂದು ಮಾತು. ಬಿಳಿ ಜಾಗ ಕಂಡ ಆ ಹೆಂಗಸನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಅವರು ಹೋದರಾ? ಈಗ ಹೇಗಿದ್ದಾರೆ?