ವೀರಗಲ್ಲಿನಿಂದ ಚಿತ್ರಕಥೆಗೆ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಏಳನೆಯ ತರಗತಿಯ ಮಕ್ಕಳಿಂದ ನಮ್ಮ ಸುತ್ತಲಿನ ಚರಿತ್ರೆಯನ್ನು ಚಿತ್ರಕಥೆಯಾಗಿ ಮಾಡಿಸಬೇಕೆಂದಿದ್ದೇನೆ. ಕಳೆದ ವರ್ಷ ಪ್ರಯತ್ನಿಸಿದಾಗ ಎಲ್ಲರೂ ಕಿರೀಟ ತೊಟ್ಟ ರಾಜರನ್ನೇ ಬಿಡಿಸಿದರು, ಮಾತುಗಳೆಲ್ಲ ಸಿನಿಮಾದವು. ಎಲ್ಲಿಂದ ಆರಂಭಿಸಬೇಕು, ಕಲ್ಪನೆಗೆ ಎಷ್ಟು ಅವಕಾಶ ಕೊಡಬೇಕು?

ಉತ್ತರ: ರಾಜನನ್ನು ಬಿಟ್ಟು ನಾಯಿಯಿಂದ ಆರಂಭಿಸಿ. ನಿಮ್ಮ ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ಶಾಸನವೊಂದು ನಾಯಿಯ ಕಥೆಯನ್ನು ಹೇಳುತ್ತದೆ. ಗಂಗರ ದೊರೆ ಬೂತುಗನ ಕಡೆಯ ಮಣಲೆರನೆಂಬ ವೀರ, ಚೋಳರ ಎದುರು ನಡೆದ ತಕ್ಕೋಲದ ಕಾಳಗದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಿತು, ಕೊನೆಗೆ ಎರಡೂ ಸತ್ತವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲನ್ನು ಪೂಜಿಸದೆ ಗೊರವನು (ಶೈವ ಪೂಜಾರಿ) ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟಲೆಂದೂ ಶಾಸನದಲ್ಲಿದೆ. ಕಲ್ಲಿನ ಮೇಲೆ ನಾಯಿ, ಹಂದಿಗಳ ಕಾದಾಟವನ್ನೇ ಕೆತ್ತಿದ್ದಾರೆ; ಇದನ್ನು ಕೇಳಿದ ಮೇಲೂ ಪೆನ್ಸಿಲ್ ಹಿಡಿಯದ ಮಗುವನ್ನು ನಾನಂತೂ ಕಂಡಿಲ್ಲ.

ಅನಂತರ ನಿಮ್ಮೂರಿನ ವೀರಗಲ್ಲಿನ ಬಳಿ ಮಕ್ಕಳನ್ನು ಕರೆದೊಯ್ಯಿರಿ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲೆ ಲಿಂಗದ ಸನ್ನಿಧಿ ಇರುತ್ತವೆ. ಅಂದರೆ ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆಯೇ ಅದು. ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಿದರೆ ಗೆರೆಗಳು ಎದ್ದು ಕಾಣುತ್ತವೆ. ಕಲ್ಲಿಗೆ ಸೀಮೆಸುಣ್ಣ ಬಳಿಯಲು, ಎಣ್ಣೆ ಹಚ್ಚಲು ಬಿಡಬೇಡಿ. ವೀರನ ಮುಡಿ, ಸೊಂಟದ ಬಟ್ಟೆ, ಕೈಯಲ್ಲಿನ ಆಯುಧ ಇವನ್ನು ಅಲ್ಲಿಯೇ ನಿಂತು ಬಿಡಿಸಿದರೆ ಕಿರೀಟಗಳ ಕಾಟ ತಾನಾಗಿ ತಪ್ಪುತ್ತದೆ.

ಕಲ್ಪನೆಯ ಬಗ್ಗೆ ನಾನು ಪಾಲಿಸುವ ನಿಯಮ ಒಂದೇ: ಚೌಕದೊಳಗಿನ ನಿರೂಪಣೆಯಲ್ಲಿ ಶಾಸನವೋ ಹಿರಿಯರೋ ಹೇಳಿದ್ದು ಮಾತ್ರ ಇರಬೇಕು, ಬಾಯಿಂದ ಹೊರಡುವ ಗುಳ್ಳೆಯೊಳಗಿನ ಮಾತು ಮಗುವಿನದು. ‘ಮಣಲೆರ ಕಾಳಿಯನ್ನು ಬೇಡಿ ಪಡೆದ’ ಎಂಬುದು ಚೌಕಕ್ಕೆ ಸೇರುತ್ತದೆ. ‘ಬಾ ಕಾಳಿ, ಇವತ್ತು ಬೆಟ್ಟಕ್ಕೆ ಹೋಗೋಣ’ ಎಂಬುದು ಗುಳ್ಳೆಗೆ. ಚೌಕದ ಪ್ರತಿ ಸಾಲಿಗೂ ‘ಯಾರು ಹೇಳಿದರು?’ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಆ ಸಾಲು ಗುಳ್ಳೆಗೆ ಹೋಗಲಿ, ಇಲ್ಲವೇ ಅಳಿಸಿಹೋಗಲಿ. ನಿಮ್ಮೂರಿನ ಕಲ್ಲಿನಲ್ಲಿ ಬರಹವಿದ್ದರೆ ಅದರ ಪಾಠವನ್ನು ಕರ್ನಾಟಕದ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ತಾಲ್ಲೂಕಿನ ಹೆಸರು ಹಿಡಿದು ಹುಡುಕಬಹುದು.

ಮೊದಲ ಸಲ ಒಂದು ಹಾಳೆಗೆ ನಾಲ್ಕು ಚಿತ್ರ ಸಾಕು. ಮಾತನ್ನು ಮೊದಲು ಬರೆಸಿ, ಅದರ ಸುತ್ತ ಗುಳ್ಳೆ ಎಳೆಸಿ. ಗುಳ್ಳೆ ಎಳೆದು ಆಮೇಲೆ ಬರೆಯಹೊರಟರೆ ನಮ್ಮ ಒತ್ತಕ್ಷರಗಳಿಗೆ ಜಾಗವೇ ಉಳಿಯುವುದಿಲ್ಲ.