ಗಾಡಿ ವಿಚಾರ: ಪಾರ್ಟ್ ಬದಲಿಸುವ ಮೊದಲು ಪೆಟ್ರೋಲ್ ಎಲ್ಲಿ ನಿಂತಿದೆ ನೋಡಿ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಹಳೆ ಗಾಡಿಗಳ ಗ್ಯಾರೇಜ್ ನಡೆಸುವ ಮೆಕ್ಯಾನಿಕ್ ಈ ಸಲ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನದು 1997ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಗಾಡಿ. ಬೆಳಿಗ್ಗೆ ಆಳಂದದಿಂದ ಕಲಬುರಗಿಗೆ ಆರಾಮಾಗಿ ಬರುತ್ತದೆ. ಸೂಪರ್ ಮಾರ್ಕೆಟ್ ಹತ್ತಿರ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಮುಗಿಯಿತು, ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಸಂಜೆ ತಣ್ಣಗಾದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ಒಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪ್, ಕಾಯಿಲ್, ಪ್ಲಗ್ ಎಲ್ಲ ಹೊಸದು ಹಾಕಿದರು. ಈಗ ಕಾರ್ಬೊರೇಟರನ್ನೇ ಬದಲಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ?
– ನಿವೃತ್ತ ಶಿಕ್ಷಕರು, ಆಳಂದ

ಉತ್ತರ: ಬೇಡ ಸರ್, ಕಾರ್ಬೊರೇಟರಿಗೆ ಇನ್ನೂ ದುಡ್ಡು ಹಾಕಬೇಡಿ. ಗಾಡಿ ಹಟ ಹಿಡಿದು ನಿಂತ ಹೊತ್ತಿನಲ್ಲಿ ಪೆಟ್ರೋಲ್ ಎಲ್ಲಿವರೆಗೆ ಬಂದಿದೆ ಅಂತ ಇದುವರೆಗೂ ಯಾರೂ ನೋಡಿಲ್ಲ. ನನಗೆ ಸಂಕಟವಾಗುವುದು ಅಲ್ಲೇ. ತಣ್ಣಗಿರುವ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಈ ದೋಷ ಕಾಣುವುದೇ ಇಲ್ಲ. ಕಾಣದಿದ್ದಾಗ ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುತ್ತಾರೆ. ಪಿಂಚಣಿ ದುಡ್ಡು ಹೀಗೆ ಹೋಗಬಾರದು.

ಪೆಟ್ರೋಲಿನಲ್ಲಿರುವ ಹಗುರವಾದ ಅಂಶ 35–40 ಡಿಗ್ರಿಗೇ ಕುದಿಯಲು ಶುರುವಾಗುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ 42 ದಾಟುತ್ತದೆ, ಬಾನೆಟ್ ಒಳಗಿನ ಕಾವು ಕೇಳಲೇಬೇಡಿ. ಗಾಡಿ ಓಡುವಾಗ ಗಾಳಿ ಆಡುತ್ತದೆ, ಟ್ಯಾಂಕಿನಿಂದ ಹೊಸ ಪೆಟ್ರೋಲ್ ಬರುತ್ತಾ ಇರುತ್ತದೆ, ಹಾಗಾಗಿ ನಡೆದುಹೋಗುತ್ತದೆ. ಆಫ್ ಮಾಡಿದ ತಕ್ಷಣ ಎರಡೂ ನಿಲ್ಲುತ್ತವೆ. ಇಂಜಿನ್ನಿನ ಕಾವೆಲ್ಲ ನಿಧಾನಕ್ಕೆ ಪಂಪಿಗೆ, ಪೈಪಿಗೆ, ಕಾರ್ಬೊರೇಟರಿಗೆ ಏರುತ್ತದೆ.

ಆಗ ಎರಡರಲ್ಲಿ ಒಂದು ಆಗುತ್ತದೆ. ಪೈಪಿನಲ್ಲಿ, ಪಂಪಿನಲ್ಲಿ ಇರುವ ಪೆಟ್ರೋಲ್ ಆವಿಯಾಗಿ, ಪಂಪ್ ಬರೀ ಆವಿಯನ್ನೇ ಒತ್ತುತ್ತಾ ಕೂತು ಕಾರ್ಬೊರೇಟರ್ ಒಣಗುತ್ತದೆ. ಇಲ್ಲವೇ ಕಾರ್ಬೊರೇಟರಿನ ಬಟ್ಟಲಲ್ಲಿರುವ ಪೆಟ್ರೋಲ್ ಹಾಲಿನಂತೆ ಉಕ್ಕಿ ಇಂಜಿನ್ನಿಗೆ ಇಳಿದು ಪ್ಲಗ್ ನೆನೆಸಿಬಿಡುತ್ತದೆ. ಒಂದರಲ್ಲಿ ಪೆಟ್ರೋಲೇ ಇಲ್ಲ, ಇನ್ನೊಂದರಲ್ಲಿ ಜಾಸ್ತಿ. ಹೊರಗೆ ಕಾಣುವುದು ಒಂದೇ: ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಒಂದರ ಔಷಧಿ ಇನ್ನೊಂದಕ್ಕೆ ಕೊಟ್ಟರೆ ಕಷ್ಟ ಜಾಸ್ತಿಯಾಗುತ್ತದೆ.

ಯಾವುದು ಅಂತ ತಿಳಿಯುವುದು ಸುಲಭ, ಆದರೆ ಗಾಡಿ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ನೋಡಬೇಕು. ಇಗ್ನಿಷನ್ ಆಫ್ ಮಾಡಿ. ಹತ್ತಿರ ಯಾರೂ ಬೀಡಿ ಸಿಗರೇಟ್ ಹಚ್ಚಬಾರದು. ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬೊರೇಟರಿನ ಬಾಯೊಳಗೆ ನೋಡುತ್ತಾ ಎಕ್ಸಲೇಟರ್ ಕೇಬಲ್ ಹಿಡಿದಿರುವ ಲಿವರನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಒಳಗೆ ಸಣ್ಣ ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮಬೇಕು. ನಿಮ್ಮ ಮುಖ ಅಲ್ಲಿರುವಾಗ ಯಾರೂ ಸೆಲ್ಫ್ ಹೊಡೆಯಬಾರದು. ಉಲ್ಟಾ ಬೆಂಕಿ ಬಂದರೆ ಮುಖ ಸುಡುತ್ತದೆ.

ಚಿಮ್ಮಿತು, ವಾಸನೆಯೂ ಗಾಢವಾಗಿದೆ, ಪ್ಲಗ್ ಒದ್ದೆ ಅಂದರೆ ಉಕ್ಕಿ ತುಂಬಿದೆ. ಏರ್ ಫಿಲ್ಟರ್ ಮುಚ್ಚಿ, ಚೋಕ್ ಹಾಕದೆ, ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಎಂಟು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ, ಒಂದೊಂದು ಸಲಕ್ಕೂ ಇನ್ನಷ್ಟು ಪೆಟ್ರೋಲ್ ಇಳಿಯುತ್ತದೆ. ಕಪ್ಪು ಹೊಗೆ ಉಗುಳಿ ಸ್ಟಾರ್ಟ್ ಆದರೆ ಅನುಮಾನವೇ ಇಲ್ಲ. ಏನೂ ಚಿಮ್ಮಲಿಲ್ಲ ಅಂದರೆ ಬಟ್ಟಲು ಒಣಗಿದೆ. ಪಂಪಿನ ಮೇಲೆ, ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ನೀರು ಬೀಳದಿರಲಿ. ಆಮೇಲೆ ಸ್ಟಾರ್ಟ್ ಆದರೆ ಆವಿಯೇ ಕಾರಣ.

ಇನ್ನೊಂದು ಸಾಧ್ಯತೆಯನ್ನೂ ಬಿಡುವಂತಿಲ್ಲ. ನನ್ನ ಉಸ್ತಾದರು ಯಾವ ಗಾಡಿ ಬಂದರೂ "ಮೊದಲು ಕರೆಂಟ್ ನೋಡು, ಆಮೇಲೆ ಪೆಟ್ರೋಲ್" ಅನ್ನುತ್ತಿದ್ದರು. ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಕಾದಾಗ ಮಾತ್ರ ಕೈಕೊಟ್ಟರೂ ಇದೇ ನಾಟಕ ಆಡುತ್ತದೆ. ಪೆಟ್ರೋಲ್ ಚಿಮ್ಮುತ್ತಿದೆ, ಎಕ್ಸಲೇಟರ್ ಒತ್ತಿ ಹಿಡಿದರೂ ಸ್ಟಾರ್ಟ್ ಇಲ್ಲ ಅಂದರೆ ಕಿಡಿ ಪರೀಕ್ಷೆ ಮಾಡಿಸಿ. ಹೊಸ ಕಾಯಿಲ್ ಅಂತ ನಂಬಿ ಬಿಡಬೇಡಿ.

ಈಗ ಕಾರಣಕ್ಕೆ ಬರೋಣ. ಒಣಗಿದ ಗಾಡಿಯಲ್ಲಿ ನಾನು ಮೊದಲು ನೋಡುವುದು ರಬ್ಬರ್ ಪೈಪ್. ಟ್ಯಾಂಕ್ ಹಿಂದೆ, ಪಂಪ್ ಮುಂದೆ. ನಡುವಿನ ಅಷ್ಟು ಉದ್ದದ ಪೈಪಿನಲ್ಲಿ ಪೆಟ್ರೋಲನ್ನು ಪಂಪ್ ಎಳೆಯಬೇಕು. ಆ ಭಾಗದ ರಬ್ಬರಿನಲ್ಲಿ ಕೂದಲಿನಷ್ಟು ಬಿರುಕು ಬಿದ್ದರೂ ಸಾಕು, ಓಡುವಾಗ ಹನಿ ಪೆಟ್ರೋಲೂ ಹೊರಗೆ ಸೋರದೆ ಗಾಳಿ ಒಳಗೆ ಹೋಗುತ್ತದೆ. ಎಲ್ಲರೂ ನೆಲದ ಮೇಲೆ ಹನಿ ಹುಡುಕುತ್ತಾರೆ, ಕಾಣದಿದ್ದರೆ ಪೈಪ್ ಚೆನ್ನಾಗಿದೆ ಅನ್ನುತ್ತಾರೆ. ಇಂಥ ಪೈಪಿಗೆ ಎಂಥ ಹೊಸ ಪಂಪ್ ಹಾಕಿದರೂ ಅಷ್ಟೇ. ಪೈಪನ್ನು ಬಗ್ಗಿಸಿ ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಪೆಟ್ರೋಲಿಗೆಂದೇ ಮಾಡಿದ ಪೈಪ್ ಹಾಕಿಸಿ. ನೀರಿನ ಪೈಪ್ ಬೇಡ. ಪಂಪ್ ಬದಲಿಸುವಾಗ ಯಾರಾದರೂ ಪೈಪನ್ನು ಇಂಜಿನ್ನಿಗೆ ತಾಗುವ ಹಾಗೆ ಬಿಟ್ಟಿದ್ದಾರಾ, ಅದನ್ನೂ ನೋಡಿ.

ಆಮೇಲೆ ಟ್ಯಾಂಕಿನ ಮುಚ್ಚಳ. ಓಡುತ್ತಾ ಓಡುತ್ತಾ ಗಾಡಿ ಸತ್ತಾಗ ಅದನ್ನು ಸಡಿಲಿಸಿ. ಸುಂಯ್ ಅಂತ ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿಗೆ ಉಸಿರಾಡಲು ದಾರಿಯಿಲ್ಲ ಅಂತ ಅರ್ಥ. ಶಹಾಬಾದ್ ಕಲ್ಲಿನ ಲಾರಿಗಳು ಓಡಾಡುವ ನಮ್ಮ ರಸ್ತೆಗಳ ಧೂಳಿಗೆ ಆ ಸಣ್ಣ ತೂತು ಮುಚ್ಚಿಕೊಳ್ಳುವುದು ದೊಡ್ಡ ವಿಷಯವಲ್ಲ.

ಉಕ್ಕುವ ಗಾಡಿಯಾದರೆ ಕಾರ್ಬೊರೇಟರ್ ಬುಡದಲ್ಲಿ ಕಾವು ತಡೆಯುವ ದಪ್ಪ ಇನ್ಸುಲೇಟರ್ ಇದೆಯಾ ನೋಡಿಸಿ. ಹಿಂದೆ ಯಾರೋ ಬಿಚ್ಚಿದವರು ಅದನ್ನು ಬಿಟ್ಟು ಬರೀ ತೆಳು ಕಾಗದದ ಗ್ಯಾಸ್ಕೆಟ್ ಕೂರಿಸಿದ್ದರೆ, ನಿಮ್ಮ ಎಲ್ಲ ತೊಂದರೆಯೂ ಅಲ್ಲೇ ಇರಬಹುದು. ಬಟ್ಟಲಲ್ಲಿ ತೇಲುವ ಫ್ಲೋಟಿನ ಎತ್ತರ, ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಕೂಡ ನೋಡಿಸಿ. ಇಷ್ಟೆಲ್ಲ ಆದ ಮೇಲೂ ದೋಷ ಉಳಿದರೆ ಕಾರ್ಬೊರೇಟರ್ ಮಾತು.

ಪಂಪ್ ಹೊಸದಾದರೂ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತೆಗೆದು ಮೂಸಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಂ (ಒಳಗಿನ ತೆಳು ಪರದೆ) ಹರಿದಿರಬಹುದು. ಅಂಥ ಗಾಡಿಯನ್ನು ಒಂದು ಮೈಲಿಯೂ ಓಡಿಸಬೇಡಿ.

ಪ್ರಶ್ನೆ: ನಮ್ಮ ಹೊಲದ ಹಳೆ ಡೀಸೆಲ್ ಜೀಪ್ ರಾತ್ರಿ ನಿಂತರೆ ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ದಿನವೆಲ್ಲ ತೊಂದರೆಯಿಲ್ಲ. ಇಂಜೆಕ್ಟರ್ ಹೋಗಿದೆ ಅನ್ನುತ್ತಾರೆ. ನಿಜವೇ?
– ರೈತ, ಭಾಲ್ಕಿ

ಉತ್ತರ: ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಹತ್ತಿರ ಒಬ್ಬರನ್ನು ನಿಲ್ಲಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಆಗ ಸ್ಟಾರ್ಟ್ ಮಾಡುವಾಗ ಕಾವು ಕೊಡುವ ಗ್ಲೋ ಪ್ಲಗ್ ಇದ್ದರೆ ಅದು, ಕಂಪ್ರೆಷನ್, ಇಂಜೆಕ್ಟರ್ ನೋಡಬೇಕು. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಮುಟ್ಟುತ್ತಿಲ್ಲ. ನಿಮ್ಮ ಮಾತು ಕೇಳಿದರೆ ಲೈನಿನಲ್ಲಿ ಏರ್ ಹಿಡಿದಿದೆ ಅನ್ನಿಸುತ್ತದೆ. ರಾತ್ರಿ ಎಲ್ಲೋ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ.

ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಡೀಸೆಲ್ ಲೈನಿನ ಕೈ ಪಂಪ್ ಒತ್ತಿ ಗಟ್ಟಿಯಾಗುವವರೆಗೆ ಪ್ರೈಮ್ ಮಾಡಿ, ಅಂದರೆ ಲೈನಿಗೆ ಡೀಸೆಲ್ ತುಂಬಿಸಿ. ಆಗ ತಕ್ಷಣ ಸ್ಟಾರ್ಟ್ ಆದರೆ ಇಂಜೆಕ್ಟರ್ ಬಿಚ್ಚಬೇಡಿ. ಫಿಲ್ಟರ್ ಮುಂಚಿನ ಪೈಪಿನ ಜಾಗದಲ್ಲಿ ಸ್ವಲ್ಪ ದಿನ ಪಾರದರ್ಶಕ ಡೀಸೆಲ್ ಪೈಪ್ ಹಾಕಿಸಿ, ಗುಳ್ಳೆ ಕಣ್ಣಿಗೇ ಕಾಣುತ್ತದೆ. ಫಿಲ್ಟರ್ ಬೌಲಿನ ವಾಷರ್, ಕ್ಲಿಪ್ಪು, ಕೈ ಪಂಪಿನ ಬುಡ, ಗಾಳಿ ಹೋಗುವುದು ಹೆಚ್ಚಾಗಿ ಇಲ್ಲೇ. ಅಂದ ಹಾಗೆ, ಇಂಜೆಕ್ಟರ್ ಬಾಯಿಂದ ಚಿಮ್ಮುವ ಡೀಸೆಲಿಗೆ ಕೈ ಅಡ್ಡ ಹಿಡಿಯಬೇಡಿ. ಚರ್ಮ ಸೀಳಿ ಒಳಗೆ ಹೋಗುವಷ್ಟು ಒತ್ತಡ ಇರುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದು ಅಂತ ಸುಮ್ನೆ ಇರದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: 2009ರ ಹೀರೋ ಹೋಂಡಾ ಸ್ಪ್ಲೆಂಡರ್. ವಾರಗಟ್ಟಲೆ ನಿಂತರೆ ಕಿಕ್ ಹೊಡೆದು ಸುಸ್ತು. ಕಾರ್ಬೊರೇಟರಿನಿಂದ ಪೆಟ್ರೋಲೂ ಸೋರುತ್ತದೆ. ಎಥನಾಲ್ ಪೆಟ್ರೋಲ್ ಬಂದ ಮೇಲೆ ಹೀಗೆ ಅಂತಾರೆ, ಹೌದಾ?
– ವಿದ್ಯಾರ್ಥಿ, ಶಹಾಪುರ

ಉತ್ತರ: ಸ್ವಲ್ಪ ಹೌದು, ಎಲ್ಲವೂ ಅಲ್ಲ. ಈಗ ಸಿಗುವ ಇ20 ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಎಥನಾಲ್ ನೀರು ಹೀರುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಅದರ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಹಳೆ ಗಾಡಿಯ ರಬ್ಬರ್ ಭಾಗಗಳೂ ಇದಕ್ಕೆ ತಕ್ಕಂತೆ ಮಾಡಿದವಲ್ಲ. ಆದರೆ ಸೋರುವುದಕ್ಕೆ ಹೆಚ್ಚಾಗಿ ಕಾರಣ ನೀಡಲ್ ವಾಲ್ವಿನಲ್ಲಿ ಸಿಕ್ಕ ಕಚರಾ.

ಪರೀಕ್ಷೆ ಹೀಗೆ ಮಾಡು. ತಣ್ಣಗಿರುವಾಗ ಕಾರ್ಬೊರೇಟರ್ ತಳದ ಸ್ಕ್ರೂ ಸಡಿಲಿಸಿ ಅಲ್ಲಿರುವ ಪೆಟ್ರೋಲನ್ನು ಸಣ್ಣ ಗಾಜಿನ ಬಾಟಲಿಗೆ ಇಳಿಸು, ಐದು ನಿಮಿಷ ಬಿಡು. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ, ಟ್ಯಾಂಕ್ ಖಾಲಿ ಮಾಡಿಸಿ ತೊಳೆಸು. ಕೆಂಪು ಪುಡಿ ಕಂಡರೆ ಟ್ಯಾಂಕ್ ತುಕ್ಕು ಹಿಡಿದಿದೆ. ಅದನ್ನು ಬಿಟ್ಟು ಕಾರ್ಬೊರೇಟರ್ ಎಷ್ಟು ಸಲ ಕ್ಲೀನ್ ಮಾಡಿಸಿದರೂ ಮತ್ತೆ ಸೋರುತ್ತದೆ. ಎರಡೂ ಇಲ್ಲ ಅಂದರೆ ನೀಡಲ್ ವಾಲ್ವ್ ಬದಲಿಸಿ ಫ್ಲೋಟ್ ನೋಡಿಸು. ರಜೆಗೆ ಊರಿಗೆ ಹೋಗುವಾಗ ಪೆಟ್ರೋಲ್ ಕಾಕ್ ಆಫ್ ಮಾಡಿ, ಕಾರ್ಬೊರೇಟರ್ ಖಾಲಿಯಾಗಿ ಗಾಡಿ ತಾನೇ ನಿಲ್ಲುವವರೆಗೆ ಸ್ಟಾರ್ಟ್ ಇಟ್ಟು ಹೋಗು.